ನಿರಾಕರಣೆಯ ಪಟ್ಟಿ

ದಡದಿಂದ ಇನ್ನೂರು ನಾಟಿಕಲ್ ಮೈಲು ದಾಟಿದ ಮೇಲೆ ಕಡಲು ಯಾವ ದೇಶದ್ದೂ ಅಲ್ಲ. ಅಲ್ಲಿಗೆ ಹೋದ ಮೊಬೈಲಿಗೂ ಇದು ನನ್ನ ಊರು ಎಂದು ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ. ಊರಲ್ಲಿರುವಾಗ ಅದರ ಕೆಲಸ ಸುಲಭ. ಹತ್ತಿರ ಯಾವ ಟವರುಗಳಿವೆ, ಅವುಗಳಲ್ಲಿ ತನ್ನ ಕಂಪನಿಯದು ಯಾವುದು ಎಂದು ನೋಡಿ ಸೇರಿಕೊಂಡರೆ ಮುಗಿಯಿತು. ನಡುಗಡಲಿನಲ್ಲಿ ಹಾಗಲ್ಲ. ಆರು ಕಂಪನಿಗಳ ಉಪಗ್ರಹಗಳು ಒಂದರ ಹಿಂದೊಂದು ನೆತ್ತಿಯ ಮೇಲೆ ಹಾದುಹೋಗುತ್ತಿರುತ್ತವೆ. ನಾಲ್ಕು ಕಂಪನಿಗಳು ನಾಲ್ಕು ದೇಶಗಳವು. ಎರಡು ಯಾವ ದೇಶಕ್ಕೂ ಸೇರದೆ ಅಂತರರಾಷ್ಟ್ರೀಯ ಸಂಖ್ಯೆ ಹೊತ್ತವು. ಇವುಗಳಲ್ಲಿ ಯಾರನ್ನು ಮೊದಲು ಕೇಳಬೇಕು, ಒಬ್ಬರು ‘ಇಲ್ಲ’ ಅಂದರೆ ಮುಂದೆ ಯಾರ ಬಾಗಿಲು ತಟ್ಟಬೇಕು, ಅದೇ ಬಾಗಿಲಿಗೆ ಮತ್ತೆ ಯಾವಾಗ ಬರಬೇಕು, ಇದನ್ನೆಲ್ಲ ನಮ್ಮ ಕರಾವಳಿಯ ಬೋಟುಗಳ ಮೊಬೈಲುಗಳಿಗೆ ಕಲಿಸಿಕೊಟ್ಟವಳು ವಾರಿಜಾ.

ಮಂಗಳೂರಿನ ಬೊಂದೇಲ್ ಗುಡ್ಡದ ಮೇಲೆ ಕಡಲ ಸಂಪರ್ಕ ಕೇಂದ್ರ ಶುರುವಾದ ದಿನದಿಂದ ಆಕೆ ಅಲ್ಲಿ ಇಂಜಿನಿಯರು. ಹನ್ನೊಂದು ವರ್ಷ ಕೂತು ಒಂದು ಪಟ್ಟಿ ಮಾಡಿದ್ದಳು. ಮೊಬೈಲು ಮೊದಲು ತಾನು ಕೊನೆಗೆ ಸೇರಿದ್ದ ನೆಟ್‌ವರ್ಕನ್ನು ಕೇಳಬೇಕು, ಆಮೇಲೆ ತಾಯ್ನಾಡಿನದನ್ನು, ಆಮೇಲೆ ಒಪ್ಪಂದವಿರುವವರನ್ನು, ಕೊನೆಗೆ ಸಿಕ್ಕಿದವರನ್ನು. ಯಾರಾದರೂ ‘ಈ ಜಾಗದಲ್ಲಿ ನಿನ್ನನ್ನು ಸೇರಿಸಿಕೊಳ್ಳಲಾರೆ’ ಎಂದರೆ ಅವರ ಹೆಸರನ್ನೂ ಜಾಗವನ್ನೂ ಗಂಟೆಯನ್ನೂ ಗುರುತು ಮಾಡಿಟ್ಟುಕೊಳ್ಳಬೇಕು. ಅದಕ್ಕೆ ನಿರಾಕರಣೆಯ ಪಟ್ಟಿ ಎಂದು ಹೆಸರು. ಅರ್ಧ ಗಂಟೆ ಕಳೆದ ಮೇಲೆ, ಇಲ್ಲವೇ ಸಾಕಷ್ಟು ದೂರ ಹೋದ ಮೇಲೆ, ಆ ಗುರುತು ಅಳಿಸಿ ಮತ್ತೆ ಕೇಳಬೇಕು. ಈ ಏರ್ಪಾಡು ನಡೆಯುತ್ತಿತ್ತು. ಆದರೆ ಐನೂರು ಕಿಲೋಮೀಟರ್ ಮೇಲಿರುವ ಉಪಗ್ರಹವನ್ನು ಅರ್ಧರ್ಧ ಗಂಟೆಗೆ ಕೂಗಿ ಕೂಗಿ ಮೊಬೈಲಿನ ಬ್ಯಾಟರಿ ಒಂದೇ ದಿನಕ್ಕೆ ಬಸವಳಿಯುತ್ತಿತ್ತು. ಬೋಟಿನವರು ಅದಕ್ಕಾಗಿ ಬೈಯುತ್ತಿದ್ದರು. ಫೋನು ಸಿಕ್ಕಿದ ದಿನ ಮಾತ್ರ ಯಾರೂ ಆ ಪಟ್ಟಿಯನ್ನು ನೆನೆಯುತ್ತಿರಲಿಲ್ಲ.

ಹೀಗಿರುವಾಗ ಲವೀನಾ ಸಿಕ್ವೇರ ಬಂದಳು. ಇಪ್ಪತ್ತೊಂಬತ್ತರ ಹುಡುಗಿ, ಮಾತು ಕಡಿಮೆ, ನಗು ಜಾಸ್ತಿ. ಬಂದ ಆರು ತಿಂಗಳಲ್ಲಿ ವಾರಿಜಾಳ ಪಟ್ಟಿಯನ್ನು ಬಿಚ್ಚಿ ಬೇರೆಯೇ ಒಂದನ್ನು ಕಟ್ಟಿದಳು. ಎಲ್ಲಿ ಯಾವ ಉಪಗ್ರಹ ಸೇರಿಸಿಕೊಂಡಿತು ಎಂಬುದನ್ನು ಒಂದು ಬೋಟಿನ ಮೊಬೈಲು ಇನ್ನೊಂದು ಬೋಟಿನದಕ್ಕೆ ಹೇಳಿಕೊಡುವಂತೆ ಮಾಡಿದಳು. ಅದರ ಜೊತೆಗೆ ಗಂಟೆಯ ಲೆಕ್ಕವನ್ನೇ ತೆಗೆದುಬಿಟ್ಟಳು. ನಿಂತ ಜಾಗದಲ್ಲೇ ನಿಂತು ಮತ್ತೆ ಕೇಳಿದರೆ ಉತ್ತರ ಬದಲಾಗುವುದಿಲ್ಲ, ನೂರು ಕಿಲೋಮೀಟರ್ ಸರಿದ ಮೇಲೆ ಕೇಳಿದರೆ ಸಾಕು ಎಂಬುದು ಅವಳ ವಾದ. ಮೊಬೈಲನ್ನು ಆರಿಸಿ ಹಚ್ಚಿದರೂ ನಿರಾಕರಣೆಯ ಪಟ್ಟಿ ಅಳಿಯುತ್ತಿರಲಿಲ್ಲ, ಏಕೆಂದರೆ ಬೋಟಿನವರು ದಿನಕ್ಕೆ ಹತ್ತು ಸಲ ಆರಿಸಿ ಹಚ್ಚಿ ಬ್ಯಾಟರಿ ಕೊಲ್ಲುತ್ತಿದ್ದರು. ಒಂದು ದಿನ ಬರುತ್ತಿದ್ದ ಬ್ಯಾಟರಿ ಐದು ದಿನ ಬರತೊಡಗಿತು. ಕೇಂದ್ರದಲ್ಲಿ ಎಲ್ಲರೂ ಅದನ್ನು ಲವೀನಾ ನಿಯಮ ಎಂದೇ ಕರೆದರು. ವಾರಿಜಾಳದ್ದಕ್ಕೆ ಹನ್ನೊಂದು ವರ್ಷವೂ ಬರೀ ‘ಪಟ್ಟಿ’ ಎಂದೇ ಹೆಸರಿತ್ತು.

ಆಫೀಸಿನಲ್ಲಿ ಇದನ್ನು ನುಂಗಿಕೊಳ್ಳಬಹುದಿತ್ತು. ಮನೆಯಲ್ಲೂ ಅದೇ ಹೆಸರು ಕೇಳಬೇಕಾಗಿ ಬಂದದ್ದು ಕಷ್ಟವಾಯಿತು.

ವಾರಿಜಾಳ ಗಂಡ ಯತೀಶ ಸಾಲಿಯಾನ್ ‘ಬಬ್ಬರ್ಯ ಪ್ರಸಾದ’ ಎಂಬ ಆಳಸಮುದ್ರದ ಬೋಟಿನ ತಾಂಡೇಲ. ಬೋಟು ನಡೆಸುವವನೂ ಅವನೇ, ಬಲೆ ಎಲ್ಲಿ ಬಿಡಬೇಕೆಂದು ಹೇಳುವವನೂ ಅವನೇ. ಇಬ್ಬರೂ ಕಾಲೇಜಿನಲ್ಲಿ ಒಂದೇ ತರಗತಿಯವರು. ಅವಳು ಗುಡ್ಡ ಹತ್ತಿದಳು, ಅವನು ಅಪ್ಪನ ಬೋಟು ಹತ್ತಿದ. ಹನ್ನೆರಡು ಹದಿಮೂರು ದಿನ ಕಡಲಲ್ಲಿದ್ದು ಬಂದರಿನ ದಕ್ಕೆಗೆ ಬಂದು ಮೂರು ದಿನ ಮನೆಯಲ್ಲಿರುವುದು ಅವನ ಕ್ರಮ. ಹೊಸ ನಿಯಮ ಬಂದ ಮೇಲೆ ಅವನು ದಿನಾ ಸಂಜೆ ಐದಕ್ಕೆ ಫೋನು ಮಾಡತೊಡಗಿದ. ಹೊಯ್ಗೆಬಜಾರಿನ ಅವರ ಓಣಿಯಲ್ಲಿ ಪ್ರತಿ ಮನೆಯಲ್ಲೂ ಆ ಹೊತ್ತಿಗೆ ಫೋನು ಬರುತ್ತಿತ್ತು. ಹೆಂಗಸರು ಮೀನು ಹೆಚ್ಚುತ್ತಾ, ಮಕ್ಕಳ ತಲೆ ಬಾಚುತ್ತಾ, ನಡುಗಡಲಿನ ಗಂಡಸರ ಜೊತೆ ಸಾರಿಗೆ ಹುಳಿ ಹೆಚ್ಚಾದ ಸುದ್ದಿ ಮಾತಾಡುತ್ತಿದ್ದರು. ಬೋಟುಗಳಿಂದ ಹಳೆಯ ವೈರ್‌ಲೆಸ್ ಸೆಟ್ಟುಗಳನ್ನು ಬಿಚ್ಚಿ ಆ ಜಾಗದಲ್ಲಿ ದೇವರ ಪಟ ಇಟ್ಟರು. ಆಪತ್ತಿನ ಕೆಂಪು ಗುಂಡಿಯೂ ಮೊಬೈಲಿನೊಳಗೇ ಬಂದಿತ್ತು. ಅದಕ್ಕೂ ಯಾವುದಾದರೊಂದು ನೆಟ್‌ವರ್ಕು ಬೇಕು ಎಂಬುದನ್ನು ಯಾರೂ ಯೋಚಿಸಲಿಲ್ಲ.

ಅತ್ತೆ ಕುಸುಮಕ್ಕನಿಗಂತೂ ಲವೀನಾ ದೇವತೆಯಾಗಿಬಿಟ್ಟಳು. “ನಿನ್ನ ಆಫೀಸಿನ ಆ ಲವೀನಾ ಬಾಯಿಯ ತಲೆ ಎಂಥ ತಲೆ ಮಗಾ, ನನ್ನ ಮಗನ ದನಿ ದಿನಾ ಕಿವಿಗೆ ಬೀಳುವ ಹಾಗೆ ಮಾಡಿದ್ಳಲ್ಲ,” ಎಂದು ಸೊಸೆಯ ಎದುರಿಗೇ ಹೇಳುತ್ತಿದ್ದಳು. ಸೊಸೆ ಹನ್ನೊಂದು ವರ್ಷ ಅದೇ ಕೆಲಸ ಮಾಡಿದವಳು ಎಂಬುದು ಆ ಮುದುಕಿಗೆ ನೆನಪಾಗಲೂ ಇಲ್ಲ. ಯತೀಶ ರಜೆಯಲ್ಲಿ ಬಂದಾಗ ಆ ಹುಡುಗಿಯನ್ನು ಒಂದು ದಿನ ಊಟಕ್ಕೆ ಕರೆಯಬೇಕೆಂದ. ವಾರಿಜಾ ಕರೆದಳು. ಕಾಣೆ ಮೀನಿನ ರವಾ ಫ್ರೈ, ಏಡಿ ಸುಕ್ಕ, ಕೋರಿ ರೊಟ್ಟಿ ಎಲ್ಲ ತಾನೇ ಮಾಡಿದಳು. ಊಟದ ಹೊತ್ತಿಗೆ ಯತೀಶ ಲವೀನಾಳನ್ನು ಎದುರು ಕೂರಿಸಿಕೊಂಡು, ಯಾವ ನೀರಿನಲ್ಲಿ ಯಾವ ಉಪಗ್ರಹ ಹೇಗೆ ಸಿಗುತ್ತದೆ ಎಂದು ಗಂಟೆಗಟ್ಟಲೆ ಮಾತಾಡಿದ. ಈ ಮಾತನ್ನು ಅವನು ಹೆಂಡತಿಯ ಹತ್ತಿರ ಒಂದು ದಿನವೂ ಆಡಿದವನಲ್ಲ. ಅವನ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ ಎಂದು ವಾರಿಜಾಳಿಗೆ ಚೆನ್ನಾಗಿ ಗೊತ್ತಿತ್ತು. ಬೇರೆ ಏನಾದರೂ ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಅವನು ಮೆಚ್ಚಿದ್ದು ಆ ಹುಡುಗಿಯ ಬುದ್ಧಿಯನ್ನು. ಅದೇ ಅವಳಿಗೆ ತಡೆಯಲಾಗಲಿಲ್ಲ. ಹೊರಡುವಾಗ ಕುಸುಮಕ್ಕ ಫ್ರಿಜ್ಜಿನಿಂದ ಒಂದಿಡೀ ಅಂಜಲ್ ಮೀನು ತೆಗೆದು ಲವೀನಾಳ ಕೈಗೆ ಕೊಟ್ಟಳು. ವಾರಿಜಾ ಗೇಟಿನ ತನಕ ಹೋಗಿ ನಗುತ್ತಾ ಕಳಿಸಿಕೊಟ್ಟು ಒಳಗೆ ಬಂದು ಪಾತ್ರೆಗಳನ್ನು ಅಗತ್ಯಕ್ಕಿಂತ ಜೋರಾಗಿ ತಿಕ್ಕಿದಳು.

ಅದಾಗಿ ನಾಲ್ಕನೆಯ ದಿನ ಲವೀನಾ ನಿಯಮದ ಕೊನೆಯ ಪರಿಶೀಲನೆ. ಅಲ್ಲಿಯ ತನಕ ಪ್ರಯೋಗವೆಂದು ನಡೆಯುತ್ತಿದ್ದುದನ್ನು ಇನ್ನು ಕಾಯಂ ಮಾಡಬೇಕಿತ್ತು. ಹಿರಿಯ ಇಂಜಿನಿಯರು ಸಹಿ ಹಾಕಬೇಕು, ಅಂದರೆ ವಾರಿಜಾ. ಅವತ್ತು ಬೆಳಿಗ್ಗೆ ಕೇಂದ್ರದ ಮುಖ್ಯಸ್ಥ ಶ್ರೀಪತಿ ಉಡುಪರು ಅವಳ ಮೇಜಿನ ಹತ್ತಿರ ನಿಂತು, ದಿಲ್ಲಿಯ ಕಚೇರಿಯವರು ಲವೀನಾಳನ್ನು ಮಾತಾಡಿಸಲು ಬರುತ್ತಿದ್ದಾರೆ, ಹಳೇ ಪಟ್ಟಿಯ ಬಗ್ಗೆ ಎರಡು ಮಾತು ಆಕೆಗೆ ಹೇಳಿಕೊಡಿ, ಇತಿಹಾಸ ಕೇಳಿದರೆ ಬೇಕಾಗುತ್ತದೆ ಅಂದರು. ಅವರು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಇತಿಹಾಸ ಎಂಬ ಮಾತು ವಾರಿಜಾಳ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡವಾಯಿತು.

ಅವಳು ಕಂಪ್ಯೂಟರಿನಲ್ಲಿ ಒಂದು ಹುಸಿ ಕಡಲು ಮಾಡಿ, ಹುಸಿ ಬೋಟುಗಳನ್ನು ಓಡಿಸಿ ಹೊಸ ನಿಯಮವನ್ನು ಪರೀಕ್ಷೆ ಮಾಡುತ್ತಾ ಬಂದಳು. ಓಡುವ ಬೋಟಿನಲ್ಲಿ ತಪ್ಪಿರಲಿಲ್ಲ. ಬಲೆ ಎಳೆಯುವ ಬೋಟಿನಲ್ಲಿ ತಪ್ಪಿರಲಿಲ್ಲ. ತಪ್ಪು ಸಿಗಲೇಬೇಕೆಂದು ಹಟ ಹಿಡಿದು ಮಧ್ಯಾಹ್ನದ ಊಟವನ್ನೂ ಬಿಟ್ಟು ಹುಡುಕಿದಳು. ಮೂರೂವರೆಯ ಹೊತ್ತಿಗೆ ಸಿಕ್ಕಿತು. ಇಂಜಿನ್ ಕೆಟ್ಟು ನಿಂತ ಬೋಟು. ಅದೇ ಹೊತ್ತಿಗೆ ಯಾವುದೋ ಕಾರಣಕ್ಕೆ ಎಲ್ಲ ಉಪಗ್ರಹಗಳೂ ಕೆಲವು ಗಂಟೆ ಯಾರನ್ನೂ ಸೇರಿಸಿಕೊಳ್ಳದೆ ಹೋದರೆ, ಮೊಬೈಲು ಆರೂ ಹೆಸರುಗಳನ್ನು ನಿರಾಕರಣೆಯ ಪಟ್ಟಿಗೆ ಬರೆದುಕೊಳ್ಳುತ್ತದೆ. ಉಪಗ್ರಹಗಳು ಮತ್ತೆ ಬಾಗಿಲು ತೆರೆದರೂ ಅದು ಕೇಳುವುದಿಲ್ಲ. ನೂರು ಕಿಲೋಮೀಟರ್ ಸರಿಯಬೇಕು, ಸರಿಯಲು ಇಂಜಿನ್ ಇಲ್ಲ. ಪರದೆಯ ಮೇಲೆ ಆ ಹುಸಿ ಬೋಟಿನ ಮೊಬೈಲು ಅರುವತ್ತು ಗಂಟೆ ಬಾಯಿ ಮುಚ್ಚಿಕೊಂಡು ಕೂತಿತು.

ವಾರಿಜಾಳಿಗೆ ಮೊದಲು ಆದದ್ದು ಸಂತೋಷ. ಎದ್ದು ಹೋಗಿ ಎಲ್ಲರ ಎದುರು ಹೇಳಬೇಕೆಂದು ಕುರ್ಚಿಯಿಂದ ಅರ್ಧ ಎದ್ದಳು. ಆಗ ಇನ್ನೊಂದು ಯೋಚನೆ ಬಂತು. ಈಗ ಹೇಳಿದರೆ ಲವೀನಾ ಥ್ಯಾಂಕ್ಸ್ ಹೇಳಿ ಅರ್ಧ ದಿನದಲ್ಲಿ ಸರಿಮಾಡುತ್ತಾಳೆ, ನಾಳೆ ಅವಳ ನಿಯಮ ಇನ್ನಷ್ಟು ಚೆಂದವಾಗುತ್ತದೆ. ಅದೇ ಒಂದು ದಿನ ಎಲ್ಲೋ ಒಂದು ಬೋಟಿನ ಫೋನು ಅರ್ಧ ದಿನ ಸಿಗದೆ, ಬೋಟಿನವರು ಬಂದು ಗಲಾಟೆ ಮಾಡಿದರೆ? ಸಣ್ಣ ಅವಮಾನ, ಅಷ್ಟೇ. ಯಾರಿಗೂ ಏನೂ ಆಗುವುದಿಲ್ಲ. ಇಂಜಿನ್ ಕೆಡುವುದು, ಆರು ಬಾಗಿಲುಗಳೂ ಒಟ್ಟಿಗೆ ಮುಚ್ಚುವುದು, ಇವೆರಡೂ ಒಂದೇ ಹೊತ್ತಿಗೆ ಆಗುವುದುಂಟೆ? ಅವಳು ಹುಸಿ ಕಡಲನ್ನು ಮುಚ್ಚಿದಳು. ಕಾಗದದ ಮೇಲೆ ‘ಪರಿಶೀಲಿಸಿದೆ, ಸರಿಯಾಗಿದೆ’ ಎಂದು ಬರೆದು ಸಹಿ ಹಾಕಿದಳು.

ಅದಾಗಿ ಎರಡು ತಿಂಗಳು ಕಳೆಯಿತು. ಒಂದು ಬುಧವಾರ ಸಂಜೆ ಯತೀಶ ನಡುಗಡಲಿನಿಂದ ಫೋನು ಮಾಡಿದವನು, ಅಲ್ಲಿ ದನಿ ಎಷ್ಟು ಚೊಕ್ಕ ಕೇಳುತ್ತದೆಂದು ಹೇಳಿ, ಲವೀನಾಗೆ ನನ್ನ ಲೆಕ್ಕದಲ್ಲಿ ಒಂದು ಥ್ಯಾಂಕ್ಸ್ ಹೇಳು ಅಂದ. ಅವನು ವಾರಕ್ಕೆರಡು ಸಲವಾದರೂ ಹೀಗೆ ಅನ್ನುತ್ತಿದ್ದ. ವಾರಿಜಾಳಿಗೆ ಅವತ್ತು ತಡೆಯಲಾಗಲಿಲ್ಲ. “ನೀನೇ ಹೇಳು. ಅವಳ ನಂಬರು ಉಂಟಲ್ಲ ನಿನ್ನ ಹತ್ರ,” ಎಂದು ಫೋನು ಇಟ್ಟಳು.

ಗುರುವಾರ ಫೋನು ಬರಲಿಲ್ಲ. ಅಂದು ಬೆಳಿಗ್ಗೆ ಹತ್ತು ಗಂಟೆಗೆ ಸೂರ್ಯನಿಂದ ಎದ್ದ ದೊಡ್ಡದೊಂದು ಬಿರುಗಾಳಿ ಭೂಮಿಯನ್ನು ಮುಟ್ಟಿತ್ತು. ವಿದ್ಯುತ್ ಕಣಗಳ ಆ ಗಾಳಿಗೆ ಸಿಕ್ಕಿ ಉಪಕರಣ ಸುಡದಿರಲೆಂದು ಎಲ್ಲ ಕಂಪನಿಗಳೂ ತಮ್ಮ ಉಪಗ್ರಹಗಳನ್ನು ನಾಲ್ಕು ಗಂಟೆ ಅರೆನಿದ್ದೆಯಲ್ಲಿಟ್ಟವು. ಕೇಳಿ ಬಂದವರಿಗೆಲ್ಲ ಅವು ‘ಈಗ ಇಲ್ಲ’ ಎಂದವು. ಮಧ್ಯಾಹ್ನ ಎರಡಕ್ಕೆ ಎಲ್ಲ ಸರಿಯಾಯಿತು. ಓಡುತ್ತಿದ್ದ ಬೋಟುಗಳು ಆವತ್ತು, ಮರುದಿನ ಒಂದೊಂದಾಗಿ ಸಂಪರ್ಕಕ್ಕೆ ಬಂದವು. ಅವೂ ನೂರು ಕಿಲೋಮೀಟರ್ ಓಡಬೇಕಿತ್ತಲ್ಲ, ತಡವಾಗುವುದು ಸಹಜ ಎಂದು ಕೇಂದ್ರದಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ವಾರಿಜಾ ಯತೀಶನ ಮೌನವನ್ನು ಸಿಟ್ಟು ಎಂದುಕೊಂಡಳು. ಸಿಟ್ಟಾದರೆ ಆಗಲಿ, ಮೊದಲು ನಾನಾಗಿ ಮಾತಾಡುವುದಿಲ್ಲ ಎಂದುಕೊಂಡಳು. ಶುಕ್ರವಾರ ಸಂಜೆ ಅತ್ತೆ ಎರಡೆರಡು ಸಲ ಕೇಳಿದಾಗ, ಸೂರ್ಯನ ಗಾಳಿ ಅತ್ತೆ, ಎಲ್ಲರಿಗೂ ಹಾಗೇ ಉಂಟು ಎಂದು ಬಾಯಿ ಮುಚ್ಚಿಸಿದಳು. ಪಕ್ಕದ ಮನೆಗೆ ಫೋನು ಬಂದದ್ದು ಗೋಡೆಯಾಚೆಯಿಂದ ಕೇಳಿಸುತ್ತಿತ್ತು.

ಶನಿವಾರ ಬೆಳಿಗ್ಗೆ ಆಫೀಸಿಗೆ ಬಂದಾಗ ದೊಡ್ಡ ಪರದೆಯ ಮುಂದೆ ಲವೀನಾ ನಿಂತಿದ್ದಳು. ದೂರದ ಕಡಲಿಗೆ ಹೋಗಿದ್ದ ಇನ್ನೂರ ಹನ್ನೆರಡು ಬೋಟುಗಳಲ್ಲಿ ಇನ್ನೂರ ಹನ್ನೊಂದು ಸಿಕ್ಕಿದ್ದವು. ಸಿಗದ ಒಂದು ಯಾವುದೆಂದು ಕೇಳಿದಾಗ ಆ ಹುಡುಗಿ ಪರದೆಯನ್ನೇ ತೋರಿಸಿದಳು. ಬಬ್ಬರ್ಯ ಪ್ರಸಾದ.

ಉಡುಪರು ಮೆಲ್ಲಗೆ ಹೇಳಿದರು, ಕರಾವಳಿ ಕಾವಲು ಪಡೆಗೆ ತಿಳಿಸಿದ್ದೇವೆ, ಬೋಟು ತೇಲುತ್ತಿದ್ದರೆ ಒಂಬತ್ತು ಜನರ ಒಂಬತ್ತು ಮೊಬೈಲುಗಳಲ್ಲಿ ಒಂದಾದರೂ ಮಾತಾಡಬೇಕಿತ್ತು, ಆದ್ದರಿಂದ ಅವಶೇಷ ಯಾವ ಕಡೆಗೆ ಹರಿದುಹೋಗಿರಬಹುದು ಎಂದು ಅವರು ಲೆಕ್ಕ ಹಾಕುತ್ತಿದ್ದಾರೆ. ಅವಶೇಷ ಎಂಬ ಮಾತಿನ ನಂತರ ಅವರು ವಾರಿಜಾಳ ಮುಖ ನೋಡಲಿಲ್ಲ.

ವಾರಿಜಾಳಿಗೆ ಆ ಕ್ಷಣವೇ ಎಲ್ಲ ತಿಳಿಯಿತು. ಮೂರೂವರೆಯ ಆ ಮಧ್ಯಾಹ್ನ ಪರದೆಯ ಮೇಲೆ ಬಾಯಿ ಮುಚ್ಚಿಕೊಂಡು ಕೂತಿದ್ದ ಮೊಬೈಲು ಕಣ್ಣ ಮುಂದೆ ಬಂತು. ಬೋಟು ಮುಳುಗಿಲ್ಲ ಸರ್, ನಿಂತಿದೆ ಅಂದಳು. ಇಂಜಿನ್ ಕೆಟ್ಟಿರಬೇಕು, ಬಿರುಗಾಳಿಯ ಹೊತ್ತಿಗೆ ಮೊಬೈಲುಗಳು ಆರೂ ನೆಟ್‌ವರ್ಕುಗಳನ್ನು ನಿರಾಕರಣೆಯ ಪಟ್ಟಿಗೆ ಹಾಕಿರಬೇಕು, ಈಗ ಅವು ಕೇಳುತ್ತಲೇ ಇಲ್ಲ ಎಂದು ವಿವರಿಸಿದಳು. ಇದು ತನಗೆ ಈಗಷ್ಟೇ ಹೊಳೆದದ್ದು ಎಂಬಂತೆ ಹೇಳಿದಳು.

ಲವೀನಾ ಕಣ್ಣು ಮುಚ್ಚಿ ಕೇಳಿದಳು. ಕಡಲಲ್ಲಿ ನಿಲ್ಲುವುದೆಂಬುದೇ ಇಲ್ಲ, ನೀರು ಹರಿಯುತ್ತಲೇ ಇರುತ್ತದೆ ಅಂದುಕೊಂಡಿದ್ದೆ, ಎಂದು ತನಗೆ ತಾನೇ ಹೇಳಿಕೊಂಡಳು.

ಮುಂದಿನದನ್ನು ವಾರಿಜಾಳೇ ನಡೆಸಿದಳು. ಕೇಳದ ಮೊಬೈಲಿಗೆ ಕೇಳಿಸುವುದು ಹೇಗೆ? ಅದು ಆರು ಹೆಸರುಗಳಿಗೆ ಮಾತ್ರ ಕಿವಿ ಮುಚ್ಚಿದೆ. ಏಳನೆಯ ಹೆಸರು ಕೇಳಿದರೆ, ಇದು ಯಾರೋ ಹೊಸಬರು, ಇವರು ನನಗೆ ಇಲ್ಲ ಎಂದಿಲ್ಲ ಎಂದು ಕೇಳಿಯೇ ಕೇಳುತ್ತದೆ. ಪ್ರತಿ ಉಪಗ್ರಹವೂ ಹಾದುಹೋಗುವಾಗ ತನ್ನ ನೆಟ್‌ವರ್ಕಿನ ಸಂಖ್ಯೆಯನ್ನು ಕೆಳಗೆ ಸಾರುತ್ತಾ ಹೋಗುತ್ತದೆ. ಕೇಂದ್ರದ ಹತ್ತಿರ ಯಾವ ದೇಶಕ್ಕೂ ಸೇರದ, ಪ್ರಯೋಗಕ್ಕೆಂದು ಇಟ್ಟ, ಒಂದು ದಿನವೂ ಬಳಸದ ಸಂಖ್ಯೆಯೊಂದಿತ್ತು. ಒಂದು ಉಪಗ್ರಹದಿಂದ ಅದನ್ನು ಸಾರಿಸಬೇಕೆಂದಳು. ಉಡುಪರು ಹಿಂಜರಿದರು. ಹೊಸ ಹೆಸರು ಕೇಳಿ ಆ ಭಾಗದ ಮೊಬೈಲುಗಳೆಲ್ಲ ಒಟ್ಟಿಗೆ ಮುಗಿಬಿದ್ದರೆ ಉಪಗ್ರಹ ತಡೆದುಕೊಳ್ಳುತ್ತದೆಯೇ? ಎಂಟು ನಿಮಿಷ ಸಾಕು ಎಂದಳು ವಾರಿಜಾ. ಲವೀನಾ ಕೂಡಲೇ ಕೂತು, ಮುಗಿಬೀಳುವವರನ್ನು ಸಾಲಾಗಿ ನಿಲ್ಲಿಸುವ ಏರ್ಪಾಡನ್ನು ಬರೆಯತೊಡಗಿದಳು. ನಲವತ್ತು ನಿಮಿಷದಲ್ಲಿ ಅದು ತಯಾರಾಯಿತು. ಅಷ್ಟು ಬೇಗ ತನ್ನಿಂದ ಆಗುತ್ತಿರಲಿಲ್ಲ ಎಂಬುದು ಆ ಸ್ಥಿತಿಯಲ್ಲೂ ವಾರಿಜಾಳ ಮನಸ್ಸನ್ನು ಚುಚ್ಚಿತು. ಗಂಡ ಸತ್ತಿದ್ದಾನೋ ಬದುಕಿದ್ದಾನೋ ತಿಳಿಯದ ಹೊತ್ತಿನಲ್ಲಿ ಇದು ಚುಚ್ಚುತ್ತದಲ್ಲ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಹನ್ನೊಂದು ಮುಕ್ಕಾಲಿಗೆ ಉಪಗ್ರಹ ಲಕ್ಷದ್ವೀಪದಾಚೆಯ ಕಡಲ ಮೇಲೆ ಬಂತು. ಪರದೆಯಲ್ಲಿ ಚುಕ್ಕೆಗಳು ಮೂಡತೊಡಗಿದವು. ಹತ್ತು, ನಲವತ್ತು, ನೂರು. ಎಲ್ಲವೂ ಗೊತ್ತಿದ್ದ ಬೋಟುಗಳವು. ಐದು ನಿಮಿಷ ಹಾಗೇ ಕಳೆಯಿತು. ಆರನೆಯ ನಿಮಿಷದಲ್ಲಿ ಯಾರೂ ಇಲ್ಲದ ಕಡೆ ಒಂದು ಚುಕ್ಕೆ ಬಂತು. ಅದರ ಮೇಲೇ ಇನ್ನೊಂದು, ಮತ್ತೊಂದು, ಹೀಗೆ ಆರು ಚುಕ್ಕೆಗಳು ಒಂದೇ ಜಾಗದಲ್ಲಿ. ಮೂವರ ಬ್ಯಾಟರಿ ಮುಗಿದಿರಬೇಕು.

ಫೋನೆತ್ತಿದವನು ಬೋಟಿನ ಅಡುಗೆಯ ಸುಂದರಣ್ಣ. ಗುರುವಾರ ಮಧ್ಯಾಹ್ನ ಬಲೆಯ ಹಗ್ಗ ಹೋಗಿ ಪ್ರೊಪೆಲ್ಲರಿಗೆ ಸುತ್ತಿಕೊಂಡು ಇಂಜಿನ್ ಹಿಡಿದುಕೊಂಡಿತು ಎಂದ. ಬಿಡಿಸಲು ಹೋದ ಯತೀಶನ ಬಲಗೈ ಬಲೆ ಎಳೆಯುವ ವಿಂಚಿನ ಹಗ್ಗಕ್ಕೂ ಉರುಳೆಗೂ ನಡುವೆ ಸಿಕ್ಕಿ ಜಜ್ಜಿಹೋಗಿದೆ. ಎರಡು ದಿನದಿಂದ ಕೆಂಪು ಗುಂಡಿ ಒತ್ತಿ ಒತ್ತಿ ಬೆರಳು ನೋಯುತ್ತಿದೆ, ನೆಟ್‌ವರ್ಕ್ ಇಲ್ಲ ಎಂದೇ ಬರುತ್ತಿತ್ತು. ಜೀವ ಉಂಟಾ ಎಂದು ವಾರಿಜಾ ಕೇಳಿದಳು. “ಉಂಟಕ್ಕ, ಜ್ವರ ಏರಿದೆ. ತಾಂಡೇಲರು ನಿಮ್ಮ ಹೆಸರೇ ಹೇಳ್ತಾ ಇದ್ದಾರೆ,” ಎಂದ ಸುಂದರಣ್ಣ. ಅಷ್ಟರಲ್ಲಿ ಎಂಟು ನಿಮಿಷ ಮುಗಿಯಿತು.

ಕಾವಲು ಪಡೆಯ ಹಡಗು ಸಂಜೆಯ ಮೊದಲೇ ಅವರನ್ನು ಮುಟ್ಟಿತು. ಹಡಗಿನಿಂದ ಹೆಲಿಕಾಪ್ಟರಿನಲ್ಲಿ ಮಂಗಳೂರಿನ ಆಸ್ಪತ್ರೆಗೆ. ಡಾಕ್ಟರು ಭಾನುವಾರ ಬೆಳಿಗ್ಗೆ ಕೈಯನ್ನು ಮಣಿಕಟ್ಟಿನ ಮೇಲೆ ಕತ್ತರಿಸಬೇಕಾಯಿತು. ಮೊದಲ ದಿನವೇ ತಂದಿದ್ದರೆ ಬಹುಶಃ ಉಳಿಸಬಹುದಿತ್ತು ಎಂದು ಹೇಳಿ ಅವರು ಮುಂದಿನ ರೋಗಿಯ ಕಡೆ ಹೋದರು.

ಆಮೇಲಿನ ಒಂದು ವಾರ ವಾರಿಜಾ ಇಷ್ಟು ವರ್ಷ ಆಸೆಪಟ್ಟದ್ದೆಲ್ಲ ತಾನಾಗಿ ನಡೆದುಬಂತು. ಪತ್ರಿಕೆಯಲ್ಲಿ ಅವಳ ಫೋಟೋ ಬಂತು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೈ ಹಿಡಿದುಕೊಂಡರು. ಒಂಬತ್ತು ಮನೆಯ ದೀಪ ಉಳಿಸಿದೆ ಎಂದು ಮೊಗವೀರ ಸಭೆಯ ಹಿರಿಯರು ಮನೆಗೇ ಬಂದು ಶಾಲು ಹೊದಿಸಿದರು. ಕುಸುಮಕ್ಕ ಸೊಸೆಗೆ ತಾನೇ ಗಂಜಿ ಬಡಿಸಿ, ಆ ಹುಡುಗಿಗೆ ಕರೆದು ಊಟ ಹಾಕಿದೆನಲ್ಲ, ನನ್ನ ಮಗನ ಕೈಯನ್ನೇ ತಿಂದಳಲ್ಲ ಎಂದು ಲವೀನಾಳಿಗೆ ಶಾಪ ಹಾಕಿದಳು. ಲವೀನಾ ದಿನಾ ಆಸ್ಪತ್ರೆಗೆ ಬರುತ್ತಿದ್ದಳು. ಒಳಗೆ ಬರಲು ಧೈರ್ಯವಾಗದೆ ಕಾರಿಡಾರಿನ ಬೆಂಚಿನ ಮೇಲೆ ಒಂದು ಗಂಟೆ ಕೂತು ಹೋಗುತ್ತಿದ್ದಳು. ತಪ್ಪು ಸಂಪೂರ್ಣ ನನ್ನದು ಎಂದು ಬರೆದು ಅವಳು ರಾಜೀನಾಮೆ ಕೊಟ್ಟಿದ್ದಳು. ಅವಳ ಜಾಗಕ್ಕೆ, ಅದಕ್ಕಿಂತ ಮೇಲಿನ ಜಾಗಕ್ಕೆ, ನೀವೇ ಬರಬೇಕು ಎಂದು ಉಡುಪರು ವಾರಿಜಾಳಿಗೆ ಹೇಳಿದರು. ಸೋಮವಾರ ವಿಚಾರಣೆ, ಅಂದೇ ಘೋಷಿಸುತ್ತೇವೆ ಎಂದರು.

ವಾರಿಜಾ ಸರಿ ಅಂದಳು. ಅಂದು ಮಧ್ಯಾಹ್ನ ಆಸ್ಪತ್ರೆಗೆ ಹೋದಾಗ ಬೆಂಚಿನ ಮೇಲೆ ಕೂತಿದ್ದ ಲವೀನಾ ಎದ್ದು ನಿಂತು, “ವಾರಿಜಕ್ಕ, ನೀವು ಅಲ್ಲಿ ಇಲ್ಲದಿದ್ರೆ ಒಂಬತ್ತು ಜನ ಹೋಗ್ತಿದ್ರು. ನಾನು ಒಂದು ಸಲ ನಿಮ್ಮ ಹತ್ರ ಕೂತು ಕೇಳ್ಬೇಕಿತ್ತು,” ಎಂದಳು. ಅವಳ ಕಣ್ಣಲ್ಲಿ ಕಪಟವಿರಲಿಲ್ಲ. ವಾರಿಜಾ ಒಳಗೆ ಹೋಗಿ ಗಂಡನ ಮಂಚದ ಹತ್ತಿರ ಕೂತಳು. ಯತೀಶ ಎಡಗೈಯಲ್ಲಿ ಚಮಚ ಹಿಡಿದು ಗಂಜಿ ಕುಡಿಯುತ್ತಿದ್ದ. ಅರ್ಧ ಗಂಜಿ ಗಲ್ಲದ ಮೇಲಿತ್ತು. ಒರೆಸಲು ಕೈ ಚಾಚಿದವಳು ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡು, ಆ ಪರಿಶೀಲನೆಯ ದಿನದ ಕಥೆಯನ್ನು ಮೊದಲಿಂದ ಹೇಳಿದಳು. ಕಾಣೆ ಮೀನಿನ ಊಟವನ್ನೂ ಬಿಡಲಿಲ್ಲ. ಇತಿಹಾಸ ಎಂಬ ಮಾತನ್ನೂ ಬಿಡಲಿಲ್ಲ. ಬುಧವಾರದ ಜಗಳದ ಮೇಲೆ ಎರಡು ದಿನ ಹುಡುಕದೆ ಕೂತದ್ದನ್ನೂ ಹೇಳಿದಳು.

ಯತೀಶ ಚಮಚ ಕೆಳಗಿಟ್ಟ. ಆಮೇಲೆ ಎಷ್ಟು ದಿನದಿಂದ ಗೊತ್ತಿತ್ತು ಎಂದು ಕೇಳಿದ.

“ಎಪ್ಪತ್ತೊಂದು ದಿನ.”

“ಎಪ್ಪತ್ತೊಂದು ದಿನದಲ್ಲಿ ನಾನು ನಾಲ್ಕು ಸಲ ಕಡಲಿಗೆ ಹೋದೆ. ನಾಲ್ಕು ಸಲವೂ ನೀನೇ ಬುತ್ತಿ ಕಟ್ಟಿದ್ದು.”

ಅವನು ಬೈದಿದ್ದರೆ ಅವಳು ಅಳಬಹುದಿತ್ತು. ಅವನು ಬೈಯಲಿಲ್ಲ. ಆ ಹುಡುಗಿ ಹೊರಗೆ ಬೆಂಚಿನ ಮೇಲೆ ಉಂಟಲ್ಲ, ಮೊದಲು ಅವಳಿಗೆ ಹೇಳು, ನನಗೆ ಆಮೇಲೆ ಮುಖ ತೋರಿಸು ಎಂದು ಗೋಡೆಯ ಕಡೆ ತಿರುಗಿಕೊಂಡ.

ವಾರಿಜಾ ಹೊರಗೆ ಬಂದು ಬೆಂಚಿನ ಮೇಲೆ ಲವೀನಾಳ ಪಕ್ಕದಲ್ಲಿ ಕೂತು ಹೇಳಿದಳು. ಲವೀನಾ ಕೇಳುತ್ತಾ ಕೇಳುತ್ತಾ ಸ್ವಲ್ಪ ದೂರ ಸರಿದು ಕೂತಳು. ಅಷ್ಟು ದಿನ ಬಗ್ಗಿಸಿಟ್ಟಿದ್ದ ತಲೆಯನ್ನು ಮೊದಲ ಸಲ ಎತ್ತಿದಳು. “ತಪ್ಪು ನನ್ನದೇ,” ಅಂದಳು. “ಅದನ್ನು ನೀವು ಹೊತ್ಕೊಳ್ಳುದು ಬೇಡ. ಸುಮ್ಮನೆ ಕೂತದ್ದು ಮಾತ್ರ ನಿಮ್ಮದು. ಅದನ್ನು ನಾನು ಹೊರುದಿಲ್ಲ.” ಎದ್ದು ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದಳು.

ಸೋಮವಾರ ವಿಚಾರಣೆಯಲ್ಲಿ ವಾರಿಜಾ ಅದನ್ನೇ ಮೂರನೆಯ ಸಲ ಹೇಳಿದಳು. ಉಡುಪರು ಹಳೆಯ ಕಡತ ತೆಗೆಸಿ, ಆ ಹುಸಿ ಬೋಟಿನ ಪರೀಕ್ಷೆ ನಡೆದ ಗಂಟೆ ನಿಮಿಷಗಳನ್ನು ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಲವೀನಾಳ ರಾಜೀನಾಮೆಯನ್ನು ಹಿಂದಕ್ಕೆ ಕೊಟ್ಟರು. ವಾರಿಜಾಳನ್ನು ಕೆಳಗಿನ ಮಹಡಿಗೆ, ಬೋಟಿನವರ ದೂರು ಬರೆದುಕೊಳ್ಳುವ ಮೇಜಿಗೆ ಹಾಕಿದರು. ಇನ್ನು ಮುಂದೆ ಅವಳ ಸಹಿಗೆ ಬೆಲೆಯಿಲ್ಲ. ಓಣಿಯ ಹೆಂಗಸರು ಮಾತು ಬಿಟ್ಟರು. ಕುಸುಮಕ್ಕ ಶಾಪ ಹಾಕಲಿಲ್ಲ. ಬದಲಿಗೆ ಊಟ ಬಡಿಸುವುದನ್ನು ಬಿಟ್ಟಳು. ತಟ್ಟೆ ಇಟ್ಟು ಒಳಗೆ ಹೋಗುತ್ತಿದ್ದಳು.

ಯತೀಶ ದಕ್ಕೆಯಲ್ಲಿ ಮೀನಿನ ಏಲಂ ಕೂಗುವ ಕೆಲಸ ಹಿಡಿದ. ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಅವನಿಗೆ ಬರುತ್ತಿರಲಿಲ್ಲ. ಮೊದಲ ಮೂರು ತಿಂಗಳು ತಾಯಿಯ ಹತ್ತಿರ ಹೋಗಿ ಹಾಕಿಸಿಕೊಂಡ. ವಾರಿಜಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆ ಮುದುಕಿಯ ನಡುಗುವ ಬೆರಳುಗಳ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ನಾಲ್ಕನೆಯ ತಿಂಗಳು ಒಂದು ಬೆಳಿಗ್ಗೆ ಕುಸುಮಕ್ಕ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಾಗ ಅವನು ಅಂಗಿ ತೊಟ್ಟು ಬಂದು ಹೆಂಡತಿಯ ಮುಂದೆ ನಿಂತ. ಅವಳು ಒಂದೊಂದಾಗಿ ಗುಂಡಿ ಹಾಕಿದಳು. ಮರುದಿನ ತಾಯಿ ಮನೆಯಲ್ಲೇ ಇದ್ದರೂ ಅವನು ಅವಳ ಹತ್ತಿರವೇ ಬಂದ.

ಎಂಟು ತಿಂಗಳಾದ ಮೇಲೆ ಒಂದು ದಿನ ಲವೀನಾ ಕೆಳಗಿನ ಮಹಡಿಗೆ ಇಳಿದು ಬಂದಳು. ಅಷ್ಟು ದಿನ ಎದುರು ಸಿಕ್ಕರೂ ಮಾತಾಡದವಳು ಒಂದು ಕಟ್ಟು ಕಾಗದವನ್ನು ವಾರಿಜಾಳ ಮೇಜಿನ ಮೇಲಿಟ್ಟಳು. ಹೊಸ ನಿಯಮ. ಮೇಲೆ ನಾಲ್ಕು ಜನ ನೋಡಿ ಸರಿ ಇದೆ ಎಂದು ಹೇಳಿದ್ದಾರೆ, ಆದರೂ ನೀವು ನೋಡಬೇಕು ಎಂದಳು. ನನ್ನ ಸಹಿಗೆ ಬೆಲೆ ಇಲ್ಲ ಎಂದಳು ವಾರಿಜಾ.

“ಸಹಿ ಬೇಡ. ನನ್ನ ತಪ್ಪನ್ನು ನಿಮ್ಮಷ್ಟು ಆಸೆಯಿಂದ ಹುಡುಕುವವರು ಈ ಆಫೀಸಲ್ಲಿ ಬೇರೆ ಯಾರೂ ಇಲ್ಲ. ಈ ಸಲ ಸಿಕ್ಕಿದ್ದನ್ನು ಹೇಳಿ, ಸಾಕು.”

ಅದು ಬೈಗುಳವೋ ಬೇಡಿಕೆಯೋ ವಾರಿಜಾಳಿಗೆ ತಿಳಿಯಲಿಲ್ಲ. ಎರಡೂ ಇರಬೇಕು. ದೂರುಗಳ ನಡುವೆ ಬಿಡುವು ಮಾಡಿಕೊಂಡು ಮೂರು ವಾರ ನೋಡಿದಳು. ಬೋಟು ನಿಲ್ಲಿಸಿ ನೋಡಿದಳು, ಸುತ್ತು ಹಾಕಿಸಿದಳು, ಎರಡು ದೇಶಗಳ ಗಡಿಯ ಗೆರೆಯ ಮೇಲೇ ತೇಲಿಸಿದಳು, ಬ್ಯಾಟರಿ ಸಾಯಿಸಿ ಬದುಕಿಸಿದಳು. ಏಳು ತಪ್ಪು ಸಿಕ್ಕಿದವು. ಪ್ರತಿಯೊಂದು ಸಿಕ್ಕಿದಾಗಲೂ ಅದೇ ಹಳೆಯ ಸಂತೋಷ ಎದೆಯಲ್ಲಿ ಜಿಗಿಯುತ್ತಿತ್ತು. ಅವಳು ಅದನ್ನು ತಡೆಯಲು ಹೋಗಲಿಲ್ಲ. ಜಿಗಿದ ಕೂಡಲೇ ಪೆನ್ನು ತೆಗೆದು ಬರೆದುಬಿಡುತ್ತಿದ್ದಳು. ಐದನೆಯದು ಎಲ್ಲಕ್ಕಿಂತ ದೊಡ್ಡದು. ಅದರ ಮುಂದೆ ಒಂದು ಗಳಿಗೆ ಪೆನ್ನು ನಿಂತಿತು. ಆಮೇಲೆ ಅದನ್ನೂ ಬರೆದಳು.

ಎಂಟನೆಯ ಪುಟದಲ್ಲಿ ಮಾತ್ರ ಏನೂ ಸಿಗಲಿಲ್ಲ. ಅಲ್ಲಿ ಲವೀನಾ ಮೊಬೈಲಿಗೆ ಒಂದು ಹೊಸ ವಿಷಯ ಕಲಿಸಿದ್ದಳು. ‘ಇಲ್ಲ’ ಎಂಬ ಮಾತಿಗೂ ವಯಸ್ಸಾಗುತ್ತದೆ. ಹೇಳಿದವರು ಯಾರು, ಯಾಕೆ ಹೇಳಿದರು, ಸುತ್ತಲಿನ ಬೋಟುಗಳಿಗೆ ಏನು ಹೇಳುತ್ತಿದ್ದಾರೆ ಎಂಬುದರ ಮೇಲೆ ಕೆಲವು ‘ಇಲ್ಲ’ಗಳು ಬೇಗ ಹಳೆಯದಾಗುತ್ತವೆ, ಕೆಲವು ನಿಧಾನವಾಗಿ. ಮನುಷ್ಯ ಆಪತ್ತಿನಲ್ಲಿದ್ದರೆ ಎಲ್ಲವೂ ಆ ಕ್ಷಣವೇ ಹಳೆಯದು. ನಾಲ್ಕೇ ಸಾಲಿನ ಲೆಕ್ಕ. ಬ್ಯಾಟರಿಯೂ ಉಳಿಯುತ್ತಿತ್ತು. ಹನ್ನೊಂದು ವರ್ಷ ಅದೇ ಜಾಗದಲ್ಲಿ ಕೂತಿದ್ದ ವಾರಿಜಾಳಿಗೆ ಹೊಳೆಯದೇ ಹೋದದ್ದು ಇದು. ಅವಳು ಮೂರು ದಿನ ಆ ಒಂದು ಪುಟವನ್ನೇ ತಿರುಗಿಸಿ ಮುರುಗಿಸಿ ನೋಡಿದಳು. ಹೊಟ್ಟೆ ಉರಿಯಿತು. ಆ ಉರಿಗೆ ಈಗ ಅವಳು ಬೇರೆ ಹೆಸರು ಕೊಡುತ್ತಿರಲಿಲ್ಲ.

ಸಂಜೆ ನಾಲ್ಕಕ್ಕೆ ಕಾಗದದ ಕಟ್ಟು ತೆಗೆದುಕೊಂಡು ಮೆಟ್ಟಿಲು ಹತ್ತಿ ಲವೀನಾಳ ಮೇಜಿನ ಹತ್ತಿರ ಹೋದಳು. ಏಳು ತಪ್ಪುಗಳನ್ನು ಒಂದೊಂದಾಗಿ ತೋರಿಸಿದಳು. ಲವೀನಾ ಮುಖ ಗಂಟಿಕ್ಕಿಕೊಂಡು ಬರೆದುಕೊಂಡಳು. ಐದನೆಯದನ್ನು ಎರಡು ಸಲ ಓದಿ ಅದರ ಕೆಳಗೆ ಗೆರೆ ಎಳೆದಳು. ಕೊನೆಗೆ ಎಂಟನೆಯ ಪುಟ ಏನಾಯಿತು ಎಂದು ಕೇಳಿದಳು.

“ಅದರಲ್ಲಿ ಸಿಗಲಿಲ್ಲ.”

“ಎಷ್ಟು ಹುಡುಕಿದ್ರಿ?”

“ಮೂರು ದಿನ.”

“ಹಾಗಾದ್ರೆ ಅದು ಸರಿ ಇರ್ಬೇಕು,” ಎಂದಳು ಲವೀನಾ. ಮರುದಿನ ಆಳಸಮುದ್ರಕ್ಕೆ ಹೊರಡುವ ಬೋಟುಗಳ ಮೊಬೈಲುಗಳಿಗೆ ಹಾಕಲೆಂದು ಆ ಒಂದು ಪುಟವನ್ನು ಕಟ್ಟಿನಿಂದ ಬೇರೆ ತೆಗೆದಿಟ್ಟಳು.